ಬೆಕ್ಕಿಗೂ ಪಥ್ಯ ಬಂದ ಕಥೆ

ಮೈ ತುರಿಕೆ ಎದ್ದರೆ ನಮ್ಮಲ್ಲಿ ಮೊದಲು ಕಣ್ಣು ಬೀಳುವುದು ಊಟದ ಮೇಲೆ. ಬದನೆಕಾಯಿ ನಂಜು, ಒಣಮೀನು ನಂಜು, ಕಡಲೆಬೀಜ ಸದ್ಯಕ್ಕೆ ಬೇಡ ಎಂದು ಪಟ್ಟಿ ಒಪ್ಪಿಸುವ ಅಜ್ಜಿ ಪ್ರತಿ ಮನೆಯಲ್ಲೂ ಇದ್ದಳು. ಅದೇ ಮನೆಯ ಬೆಕ್ಕು ಕತ್ತು ಕೆರೆದು ಕೆರೆದು ರಕ್ತ ಬರಿಸಿಕೊಂಡರೆ ಮಾತ್ರ ಯಾರೂ ಪಥ್ಯದ ಮಾತೆತ್ತುತ್ತಿರಲಿಲ್ಲ. ಒಂದಿಷ್ಟು ಬೇವಿನೆಣ್ಣೆ ಸವರಿ ಬಿಡುತ್ತಿದ್ದರು. (ದಯವಿಟ್ಟು ಈಗ ಹಾಗೆ ಮಾಡಬೇಡಿ; ಬೆಕ್ಕು ಮೈಗೆ ಹಚ್ಚಿದ್ದನ್ನೆಲ್ಲ ನೆಕ್ಕುತ್ತದೆ.) ಪಥ್ಯ ಹೇಳಬೇಕಾದರೆ ಮೊದಲು ಊಟ ಅಂತ ಒಂದು ಇರಬೇಕಲ್ಲ! ಬೆಕ್ಕಿಗೆ ಸಿಗುತ್ತಿದ್ದದ್ದು ಒಂದು ಹಿಡಿ ಹಾಲನ್ನ. ಮಿಕ್ಕಿದ್ದನ್ನು ಅದೇ ದುಡಿದು ತಿನ್ನಬೇಕು. ಹೊಟ್ಟೆ ತುಂಬ ಹಾಕಿದರೆ ಇಲಿ ಹಿಡಿಯುವುದಿಲ್ಲ ಎನ್ನುವುದು ಆಗಿನ ಲೆಕ್ಕ.

ನಾನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುವಾಗಲೂ ಹೆಚ್ಚುಕಡಿಮೆ ಅದೇ ಲೆಕ್ಕ. ಪಾಠವೆಲ್ಲ ಹಸು, ಎಮ್ಮೆ, ಕುರಿ, ಕೋಳಿ. ನಾಯಿಗೆ ಒಂದಿಷ್ಟು ಜಾಗ. ನಾಯಿಯ ಅಧ್ಯಾಯದ ಬಾಲಕ್ಕೆ ಅಂಟಿಕೊಂಡು ಬೆಕ್ಕು. ಈಗ ಮೈಸೂರಿನ ನನ್ನ ಕ್ಲಿನಿಕ್ಕಿನಲ್ಲಿ ಸಂಜೆ ಹೊತ್ತು ಬುಟ್ಟಿಯಲ್ಲಿ ಬೆಕ್ಕಿಟ್ಟುಕೊಂಡು ಸಾಲಾಗಿ ಕೂತಿರುತ್ತಾರೆ. ಬಹಳಷ್ಟು ಜನ ಬರುವುದು ಚರ್ಮದ ಕಾಯಿಲೆಗೇ. ಬೆನ್ನಿನ ಕೂದಲಿಗೆ ಎದುರಾಗಿ ಬೆರಳಾಡಿಸಿದರೆ ರಾಗಿಕಾಳಿನಷ್ಟು ಸಣ್ಣ ಹುರುಕುಗಳು ಬೆರಳಿಗೆ ತಾಗುತ್ತವೆ. ಕಿವಿಯ ಮುಂದೆ ಕೂದಲು ಉದುರಿರುತ್ತದೆ, ಕುತ್ತಿಗೆ ಹಸಿಯಾಗಿರುತ್ತದೆ. ಚರ್ಮ ಕೆರೆದು ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗಿಡುವ ಹೊತ್ತಿಗೆ ಪ್ರಶ್ನೆ ಬಂದೇ ಬರುತ್ತದೆ: “ಫುಡ್ ಚೇಂಜ್ ಮಾಡ್ಬೇಕಾ ಮೇಡಂ?” ಮಾಡಬೇಕಾಗಬಹುದು. ಆದರೆ ಯಾವುದರಿಂದ ಯಾವುದಕ್ಕೆ ಎನ್ನುವುದಕ್ಕೆ ಉತ್ತರ ಊರಿಂದೂರಿಗೆ, ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದಿದೆ. ಆ ಕಥೆಯ ಬಹುಪಾಲು ನಡೆದದ್ದು ನಮ್ಮ ದೇಶದಲ್ಲಲ್ಲ.

ಬೆಕ್ಕಿಗೆ ದುಡ್ಡು ಕೊಟ್ಟು ಊಟ ಕೊಳ್ಳುವ ಅಭ್ಯಾಸ ದೊಡ್ಡ ವ್ಯಾಪಾರವಾಗಿ ಬೆಳೆದದ್ದು 19ನೇ ಶತಮಾನದ ಲಂಡನ್ನಿನಲ್ಲಿ. ಹೆನ್ರಿ ಮೇಹ್ಯೂ ಎಂಬ ಪತ್ರಕರ್ತ ಆ ಊರಿನ ಬೀದಿ ವ್ಯಾಪಾರಿಗಳನ್ನೆಲ್ಲ ಮಾತಾಡಿಸಿ 1851ರಲ್ಲಿ ಪುಸ್ತಕ ತಂದ. ಬೆಕ್ಕು ನಾಯಿಗಳಿಗೆಂದೇ ಮಾಂಸ ಮಾರುವವರ ಬಗ್ಗೆ ಅದರಲ್ಲಿ ಒಂದು ಭಾಗವೇ ಇದೆ. ಅವನ ಅಂದಾಜಿನಲ್ಲಿ ಲಂಡನ್ನಿನಲ್ಲಿದ್ದ ಬೆಕ್ಕುಗಳು 3 ಲಕ್ಷ, ಮಾಂಸ ಹೊತ್ತು ಬೀದಿ ಸುತ್ತುವವರು ಸುಮಾರು 1,000. ಮಾರುತ್ತಿದ್ದದ್ದು ಕುದುರೆ ಮಾಂಸ. ಬಾಡಿಗೆ ಗಾಡಿ, ಸಾಮಾನಿನ ಬಂಡಿ ಎಳೆದು ಎಳೆದು ಬಿದ್ದ ಕುದುರೆಗಳನ್ನು ಕಸಾಯಿಖಾನೆಗೆ ಒಯ್ದು, ದೊಡ್ಡ ಹಂಡೆಗಳಲ್ಲಿ ಬೇಯಿಸಿ, ತುಂಡು ಮಾಡಿ ಕಡ್ಡಿಗೆ ಚುಚ್ಚಿ ಮಾರುವುದು. ಒಬ್ಬೊಬ್ಬನಿಗೆ ಗೊತ್ತಾದ ಬೀದಿಗಳು, ಗೊತ್ತಾದ ಗಿರಾಕಿಗಳು. ಕೂಗು ಕೇಳಿದರೆ ಬೆಕ್ಕುಗಳೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದವು. ಮೋಟಾರು ಬಂದು ಕುದುರೆ ಮರೆಯಾಗುತ್ತ ಹೋದಂತೆ ಈ ಕಸುಬೂ ಬಡವಾಯಿತು. ಇಲ್ಲಿ ಒಂದು ವಿಷಯ ನೆನಪಿಟ್ಟುಕೊಳ್ಳಿ: ಆ ಊರಿನ ಬೆಕ್ಕಿಗೆ ಕುದುರೆ ಮಾಂಸ ದಿನನಿತ್ಯದ ಅನ್ನ.

ಅದೇ ಲಂಡನ್ನಿಗೆ 1860ರ ಆಸುಪಾಸಿನಲ್ಲಿ ಅಮೆರಿಕದಿಂದ ಜೇಮ್ಸ್ ಸ್ಪ್ರ್ಯಾಟ್ ಎಂಬಾತ ಬಂದ. ಮಾರಲು ತಂದದ್ದು ಸಿಡಿಲು ತಡೆಯುವ ಕಂಬಿ, ಮಾರಿ ಗೆದ್ದದ್ದು ನಾಯಿ ಬಿಸ್ಕತ್ತು. ಹಡಗಿನವರು ಎಸೆದ ಒಣ ಬಿಸ್ಕತ್ತನ್ನು ನಾಯಿಗಳು ಕಚ್ಚಾಡಿ ತಿನ್ನುವುದನ್ನು ಕಂಡು ಅವನಿಗೆ ಉಪಾಯ ಹೊಳೆಯಿತಂತೆ. ಮುಂದೆ ಅವನ ಹೆಸರಿನ ಕಂಪನಿ ಬೆಕ್ಕಿನ ಆಹಾರವನ್ನೂ ಮಾರಿತು. ಅಮೆರಿಕದಲ್ಲಿ 1920ರ ದಶಕದಲ್ಲಿ ಡಬ್ಬಿ ಬಂತು, ಅದರೊಳಗೂ ಕುದುರೆಯೇ. ಎರಡನೇ ಮಹಾಯುದ್ಧದಲ್ಲಿ ತಗಡಿಗೂ ಮಾಂಸಕ್ಕೂ ತತ್ವಾರವಾಗಿ ಡಬ್ಬಿ ಹಿಂದೆ ಸರಿಯಿತು, ಒಣ ತಿನಿಸು ಮುಂದೆ ಬಂತು. ಬೆಕ್ಕಿನ ಹೊಟ್ಟೆಗೆ ಧಾನ್ಯ ದೊಡ್ಡ ಪ್ರಮಾಣದಲ್ಲಿ ಸೇರಿದ ದಾರಿ ಇದು.

ಊಟದಿಂದ ಚರ್ಮ ಕೆಡುತ್ತದೆ ಎಂಬ ಶಾಸ್ತ್ರ ಹುಟ್ಟಿದ್ದು ಮನುಷ್ಯರ ಆಸ್ಪತ್ರೆಯಲ್ಲಿ. ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1906ರಲ್ಲಿ ಅಲರ್ಜಿ ಎಂಬ ಹೆಸರಿಟ್ಟ. ಕ್ಯಾಲಿಫೋರ್ನಿಯಾದ ಆಲ್ಬರ್ಟ್ ರೋ 1920ರ ದಶಕದಲ್ಲಿ ಒಂದು ಉಪಾಯ ಹೂಡಿದ: ರೋಗಿಯ ತಟ್ಟೆಯಿಂದ ಮಾಮೂಲಿ ತಿನಿಸುಗಳನ್ನೆಲ್ಲ ತೆಗೆದು, ಕುರಿಮಾಂಸ, ಅಕ್ಕಿಯಂಥ ಕೆಲವೇ ಪದಾರ್ಥ ಕೊಟ್ಟು ಕಾಯುವುದು, ತುರಿಕೆ ನಿಂತ ಮೇಲೆ ಹಳೆಯದನ್ನು ಒಂದೊಂದಾಗಿ ಮರಳಿಸಿ ಕಳ್ಳನನ್ನು ಹಿಡಿಯುವುದು. ಸೂಜಿ ಬೇಡ, ಯಂತ್ರ ಬೇಡ, ತಾಳ್ಮೆ ಬೇಕು. ನೂರು ವರ್ಷ ಕಳೆದಿದೆ. ರಕ್ತ ಪರೀಕ್ಷೆ, ಕೂದಲ ಪರೀಕ್ಷೆ ಎಂದು ಏನೇನೋ ಮಾರುಕಟ್ಟೆಗೆ ಬಂದರೂ ಬೆಕ್ಕಿನ ಆಹಾರದ ಅಲರ್ಜಿ ಪತ್ತೆಗೆ ನಂಬಬಹುದಾದ ದಾರಿ ಇವತ್ತಿಗೂ ಇದೊಂದೇ.

ಪ್ರಾಣಿಗಳಿಗೆ ಔಷಧಿಯಂತೆ ಊಟ ಬರೆದುಕೊಡುವ ಪದ್ಧತಿಯನ್ನು ಗಟ್ಟಿ ಮಾಡಿದವನು ನ್ಯೂಜೆರ್ಸಿಯ ಪಶುವೈದ್ಯ ಮಾರ್ಕ್ ಮಾರಿಸ್. ಕುರುಡನೊಬ್ಬನಿಗೆ ದಾರಿ ತೋರುತ್ತಿದ್ದ ನಾಯಿಯ ಮೂತ್ರಪಿಂಡ ಸೋತಾಗ, 1939ರ ಹೊತ್ತಿಗೆ, ಅದಕ್ಕೆಂದು ಮನೆಯಲ್ಲೇ ಪಥ್ಯ ತಯಾರಿಸಿದ. ಗಾಜಿನ ಜಾಡಿಯಲ್ಲಿ ತುಂಬಿ ಕಳಿಸಿದರೆ ದಾರಿಯಲ್ಲಿ ಒಡೆಯುತ್ತಿತ್ತಂತೆ, ಹಾಗಾಗಿ ಡಬ್ಬಿ. 1948ರಲ್ಲಿ ಕ್ಯಾನ್ಸಸಿನ ಹಿಲ್ ಪ್ಯಾಕಿಂಗ್ ಕಂಪನಿ ಅದನ್ನು ತಯಾರಿಸತೊಡಗಿತು. ಚರ್ಮದ ಕಡೆಯಿಂದ ಅದೇ ದಾರಿ ಹಿಡಿದವನು ದಕ್ಷಿಣ ಫ್ರಾನ್ಸಿನ ಜಾನ್ ಕತಾರಿ. 1960ರ ದಶಕದ ಕೊನೆಯಲ್ಲಿ, ತನ್ನಲ್ಲಿಗೆ ಬರುತ್ತಿದ್ದ ನಾಯಿಗಳ ಚರ್ಮದ ಕಾಯಿಲೆಗೆ ಊಟವೇ ಕಾರಣ ಎಂದು ಅವನಿಗೆ ಅನ್ನಿಸಿತು. ಧಾನ್ಯ ಹಾಕಿ ‘ಹಳದಿ ಸೂಪು’ ಎಂಬ ತಿನಿಸು ಮಾಡಿದ. ರಾಯಲ್ ಕ್ಯಾನಿನ್ ಕಂಪನಿ ಶುರುವಾದದ್ದು ಅಲ್ಲಿಂದ. ಆ ಕಾಲಕ್ಕೆ ಧಾನ್ಯ ಮದ್ದು. ಇವತ್ತು ಅದೇ ಕಪಾಟಿನಲ್ಲಿ ‘ಧಾನ್ಯ ಇಲ್ಲ’ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಪ್ಯಾಕೆಟ್ಟು ದುಬಾರಿ ಬೆಲೆಗೆ ಮಾರಾಟವಾಗುತ್ತದೆ.

ಇಷ್ಟರಲ್ಲೂ ಬೆಕ್ಕಿನ ಸರದಿ ಕೊನೆಗೇ. 1967ರಲ್ಲಿ ಜಿ. ಎಸ್. ವಾಲ್ಟನ್ ಎಂಬ ಬ್ರಿಟಿಷ್ ಪಶುವೈದ್ಯ ಊಟದ ಅಲರ್ಜಿಯಿಂದ ಚರ್ಮ ಕೆಟ್ಟ ನಾಯಿ ಬೆಕ್ಕುಗಳ 100 ಖಚಿತ ಪ್ರಕರಣಗಳನ್ನು ಪ್ರಕಟಿಸಿದ. ಮರುವರ್ಷ ಅವನೇ, ರಕ್ತ ಪರೀಕ್ಷೆಗೆ ಹೆಸರಾದ ರಾಬಿನ್ ಕೂಂಬ್ಸ್ ಮೊದಲಾದವರ ಜೊತೆ ಸೇರಿ, ಒಂದೇ ಒಂದು ಬೆಕ್ಕಿನ ಚರ್ಮ ಮತ್ತು ಕರುಳಿನ ಅಲರ್ಜಿಯ ಮೇಲೆ ಲೇಖನ ಬರೆದ. ಅಂಥ ದೊಡ್ಡ ವಿಜ್ಞಾನಿ ಒಂದು ಬೆಕ್ಕಿನ ಮುಂದೆ ಕೂತನಲ್ಲ ಎಂದು ನನಗೆ ಇವತ್ತಿಗೂ ಸಂತೋಷ. 1989ರಲ್ಲಿ ಅಮೆರಿಕದಿಂದ ಬಂದ ಒಂದು ಮುಖ್ಯ ವರದಿಯಲ್ಲೂ ಇದ್ದದ್ದು 14 ಬೆಕ್ಕುಗಳು ಮಾತ್ರ.

ತಡವಾದದ್ದಕ್ಕೆ ಅಸಡ್ಡೆಯೊಂದೇ ಕಾರಣವಲ್ಲ. ಬೆಕ್ಕನ್ನು ಸಣ್ಣ ನಾಯಿ ಎಂದುಕೊಂಡದ್ದು ಇನ್ನೊಂದು ಕಾರಣ. 1970ರ ದಶಕದಿಂದ ಆ ಭ್ರಮೆ ಸ್ವಲ್ಪಸ್ವಲ್ಪವಾಗಿ ಕಳಚುತ್ತ ಬಂತು. 1975ರಲ್ಲಿ ಹೇಯ್ಸ್ ಮತ್ತು ಸಂಗಡಿಗರು ಟಾರಿನ್ ಎಂಬ ವಸ್ತು ಊಟದಲ್ಲಿ ಇಲ್ಲದಿದ್ದರೆ ಬೆಕ್ಕಿನ ಕಣ್ಣಿನ ಅಕ್ಷಿಪಟ ಸವೆಯುತ್ತದೆ ಎಂದು ತೋರಿಸಿದರು. ನಾಯಿ ಅದನ್ನು ಮೈಯೊಳಗೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿಗೆ ಸಾಕಷ್ಟು ತಯಾರಿಸಿಕೊಳ್ಳಲು ಬಾರದು, ಮಾಂಸದಿಂದಲೇ ಸಿಗಬೇಕು. 1978ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸಿನಲ್ಲಿ ಜೇಮ್ಸ್ ಮಾರಿಸ್ ಮತ್ತು ಕ್ವಿಂಟನ್ ರಾಜರ್ಸ್ ಅರ್ಜಿನಿನ್ ಎಂಬ ಅಮೈನೋ ಆಮ್ಲ ಇಲ್ಲದ ಒಂದೇ ಒಂದು ಊಟ ಹಾಕಿ ನೋಡಿದರು. ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಅಮೋನಿಯಾ ಏರಿ ಬೆಕ್ಕು ಹಾಸಿಗೆ ಹಿಡಿಯಿತು. ಆಮೇಲೆ 1987. ಅದೇ ಡೇವಿಸಿನ ಪಾಲ್ ಪಿಯಾನ್, ಅಂಗಡಿಯಲ್ಲಿ ಕೊಂಡ ಆಹಾರ ತಿಂದೇ ಬೆಳೆದ ಬೆಕ್ಕುಗಳ ಹೃದಯ ಹಿಗ್ಗಿ ಸೋಲುತ್ತಿರುವುದಕ್ಕೆ ಟಾರಿನ್ ಕೊರತೆ ಕಾರಣವೆಂದೂ, ಟಾರಿನ್ ಕೊಟ್ಟರೆ ಹೃದಯ ಚೇತರಿಸಿಕೊಳ್ಳುತ್ತದೆಂದೂ ತೋರಿಸಿದ. ಕಂಪನಿಗಳು ಮಿಶ್ರಣ ಬದಲಿಸಿದವು, ಆ ಕಾಯಿಲೆ ಅಪರೂಪವಾಯಿತು. ಬೆಕ್ಕಿಗೆ ಸಿಹಿ ರುಚಿಯೇ ಗೊತ್ತಾಗುವುದಿಲ್ಲ, ಆ ವಂಶವಾಹಿ ಕೆಟ್ಟುಹೋಗಿದೆ ಎಂದು ತಿಳಿದದ್ದು 2005ರಲ್ಲಿ. ನಮ್ಮ ಹಾಲನ್ನದಲ್ಲಿ ಅದಕ್ಕೆ ರುಚಿಸುತ್ತಿದ್ದದ್ದು ಸಿಹಿಯಂತೂ ಅಲ್ಲ.

ಇದನ್ನೆಲ್ಲ ಚರ್ಮದ ಕಥೆಯಲ್ಲಿ ಯಾಕೆ ತಂದೆ ಎಂದರೆ, ಮನುಷ್ಯನಿಗೆ ಹೇಳುವ ಪಥ್ಯವನ್ನು ಬೆಕ್ಕಿಗೆ ಹೇಳುವಂತಿಲ್ಲ. “ಒಂದೆರಡು ದಿನ ಲಂಘನ ಹಾಕಿ, ತಾನಾಗಿ ತಿನ್ನುತ್ತೆ” ಎನ್ನುವವರಿದ್ದಾರೆ. ಮೈ ತುಂಬಿಕೊಂಡ ಬೆಕ್ಕು ಕೆಲವು ದಿನ ಉಪವಾಸವಿದ್ದರೆ ಕೊಬ್ಬು ಯಕೃತ್ತಿಗೆ ನುಗ್ಗಿ ಜೀವಕ್ಕೇ ಬರುತ್ತದೆ. ಬರೀ ಮೊಸರನ್ನ ಹಾಕಿದರೆ ಚರ್ಮ ವಾಸಿಯಾದೀತು, ಕಣ್ಣು ಹೋದೀತು.

ಈಗ ಕುರಿಯ ಕಥೆ. ಅಲರ್ಜಿ ಹುಟ್ಟುವುದು ಮೊದಲೇ ಪರಿಚಯವಿರುವ ಪ್ರೋಟೀನಿಗೆ; ಎಂದೂ ತಿನ್ನದ್ದಕ್ಕೆ ಮೈ ಸಾಮಾನ್ಯವಾಗಿ ಸಿಟ್ಟಾಗುವುದಿಲ್ಲ. ಅಮೆರಿಕದ ನಾಯಿ ಬೆಕ್ಕುಗಳು ದನ, ಕೋಳಿ ತಿಂದು ಬೆಳೆದವು, ಕುರಿ ಅವಕ್ಕೆ ಹೊಸದು. ಅಲ್ಲಿನ ಚರ್ಮವೈದ್ಯರು ಕುರಿಮಾಂಸ ಬರೆದುಕೊಟ್ಟದ್ದು ಆ ಕಾರಣಕ್ಕೆ. ಕುರಿಯಲ್ಲೇ ಏನೋ ಮಹಿಮೆಯಿದೆ ಎಂದು ಜನ ತಿಳಿದರು. ಕಂಪನಿಗಳು 1980ರ ದಶಕದ ಕೊನೆಯ ಹೊತ್ತಿಗೆ ಕುರಿ–ಅಕ್ಕಿಯ ಚೀಲಗಳನ್ನು ಎಲ್ಲರಿಗೂ ಮಾರತೊಡಗಿದವು. ಎಲ್ಲರೂ ತಿಂದ ಮೇಲೆ ಅದು ಹೊಸದಾಗಿ ಉಳಿಯಲಿಲ್ಲ. ವೈದ್ಯರು ಜಿಂಕೆ, ಮೊಲ, ಬಾತುಕೋಳಿ ಎಂದು ಹುಡುಕುತ್ತ ಹೊರಟರು. ಯುರೋಪಿನಲ್ಲಿ ಇವತ್ತು ಅಲರ್ಜಿಯ ಪ್ರಾಣಿಗಳಿಗೆ ಕೊಡುವ ಹೊಸ ಮಾಂಸಗಳಲ್ಲಿ ಕುದುರೆಯೂ ಒಂದು! ಮೇಹ್ಯೂನ ಕಾಲದಲ್ಲಿ ಕಡ್ಡಿಗೆ ಚುಚ್ಚಿ ಕಾಸಿಗೆ ಮಾರಿದ್ದು ಈಗ ವೈದ್ಯರ ಚೀಟಿಯ ಮೇಲೆ ಬರುತ್ತದೆ.

ಹೊಸ ಮಾಂಸ ಹುಡುಕಿ ಸಾಕಾದವರಿಗೆ ಇನ್ನೊಂದು ದಾರಿ ಹಸುಗೂಸುಗಳ ಕಡೆಯಿಂದ ಬಂತು. ಹಸುವಿನ ಹಾಲು ಒಗ್ಗದ ಶಿಶುಗಳಿಗೆಂದು ಪ್ರೋಟೀನನ್ನು ಮೊದಲೇ ಒಡೆದು ಮಾಡಿದ ಪುಡಿ ಅಮೆರಿಕದಲ್ಲಿ 1942ರಿಂದ ಸಿಗುತ್ತಿತ್ತು. ರೋಗನಿರೋಧಕ ವ್ಯವಸ್ಥೆಗೆ ಗುರುತೇ ಹತ್ತದಷ್ಟು ಚೂರು ಮಾಡುವುದು ಉಪಾಯ. ಶತಮಾನದ ಕೊನೆಗೆ ಅದು ಬೆಕ್ಕಿನ ಬಟ್ಟಲಿಗೂ ಬಂತು.

ಮೈಸೂರಿನಲ್ಲಿ ಕೂತು ಈ ಇತಿಹಾಸದಿಂದ ನಾನು ತೆಗೆದುಕೊಂಡದ್ದು ಇಷ್ಟೇ: ಪರದೇಶದ ಪಟ್ಟಿಯನ್ನು ಹಾಗೇ ಎತ್ತಿಕೊಳ್ಳಬಾರದು. 2016ರಲ್ಲಿ ಮ್ಯೂಲರ್, ಒಲಿವ್ರಿ, ಪ್ರೆಲೊ ಅಲ್ಲಿಯವರೆಗಿನ ವರದಿಗಳಿಂದ 78 ಬೆಕ್ಕುಗಳನ್ನು ಒಟ್ಟುಹಾಕಿ ನೋಡಿದಾಗ ಮೊದಲು ನಿಂತದ್ದು ದನದ ಮಾಂಸ, ಬೆನ್ನಿಗೇ ಮೀನು, ಆಮೇಲೆ ಕೋಳಿ. ನನ್ನಲ್ಲಿಗೆ ಬರುವ ಎಷ್ಟೋ ಬೆಕ್ಕುಗಳಿಗೆ ದನದ ಮಾಂಸದ ವಾಸನೆಯೂ ಗೊತ್ತಿಲ್ಲ. ಅವಕ್ಕೆ ಕೋಳಿಮಾಂಸದ ಪ್ಯಾಕೆಟ್ ಕಾಳು, ಪಕ್ಕದ ಮನೆಯ ಹಾಲು.

ಮಲ್ಪೆಯಿಂದ ಬಂದು ಇಲ್ಲಿ ನೆಲೆಸಿದ ಕುಟುಂಬವೊಂದರ ಬೂದು ಬೆಕ್ಕನ್ನು ಹೇಳುತ್ತೇನೆ. ಹುಟ್ಟಿದಾಗಿನಿಂದ ಬಂಗುಡೆ ತಲೆ, ಬೂತಾಯಿ. ಕುತ್ತಿಗೆ ಸುತ್ತ ಹುಣ್ಣು. ಚಿಗಟ ಇರಲಿಲ್ಲ, ಹುಳ ಇರಲಿಲ್ಲ, ಶಿಲೀಂಧ್ರ ಇರಲಿಲ್ಲ. ಮೀನು ನಿಲ್ಲಿಸಿ ಎಂದಾಗ ಮನೆಯಾಕೆ ನಕ್ಕುಬಿಟ್ಟರು: “ಮೀನು ಬಿಟ್ರೆ ಅದು ಬೇರೆ ಎಂತದೂ ಮುಟ್ಟುದಿಲ್ಲ ಮೇಡಂ.” ಮೇಕೆ ಮಾಂಸವನ್ನು ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲದೆ ಬೇಯಿಸಿ, ಟಾರಿನ್ ಮತ್ತು ಕ್ಯಾಲ್ಸಿಯಂ ಬೆರೆಸಿ, ಮೊದಲು ಮೀನಿನ ಜೊತೆ ಚಿಟಿಕೆಯಷ್ಟು, ಆಮೇಲೆ ಪ್ರಮಾಣ ಏರಿಸುತ್ತ, ಕೊನೆಗೆ ಮೀನು ಪೂರ್ತಿ ಬಂದ್. ಬೆಕ್ಕು ಮುನಿಸಿಕೊಂಡಿತು, ಕೂಗಿತು, ಆಮೇಲೆ ತಿಂದಿತು. ಎರಡನೇ ತಿಂಗಳ ಕೊನೆಗೆ ಕುತ್ತಿಗೆಯಲ್ಲಿ ಕೂದಲು ಬಂತು. ಪರೀಕ್ಷೆಗೆಂದು ಮತ್ತೆ ಬಂಗುಡೆ ಹಾಕಿಸಿದೆ. ವಾರದೊಳಗೆ ಕೆರೆತ ಶುರು. ರುಜುವಾತು ಸಿಕ್ಕಿತು.

ಅಗ್ರಹಾರದ ನಿವೃತ್ತ ಮೇಷ್ಟ್ರೊಬ್ಬರದು ಬೇರೆ ಫಜೀತಿ. ಅವರ ಬೆಕ್ಕು ಕೋಳಿಯ ಕಾಳು ತಿಂದು ಕೆರೆದುಕೊಳ್ಳುತ್ತಿತ್ತು. ಮಾಂಸ ಬೇಯಿಸಿ ಹಾಕಿ ಎಂದರೆ, “ಪ್ಯಾಕೆಟ್ಟಲ್ಲಿ ಬಂದ್ರೆ ಅದು ಮಾಂಸ ಅನ್ಸಲ್ಲ ಡಾಕ್ಟ್ರೇ. ಮನೆ ಕುಕ್ಕರಲ್ಲಿ ಕೂಗ್ಸಿ ಅಂದ್ರೆ ಹೇಗೆ?” ಅವರಿಗೆ ಒಡೆದ ಪ್ರೋಟೀನಿನ ಕಾಳೇ ಸರಿಹೋಯಿತು, ಬೆಲೆ ನೋಡಿ ಮುಖ ಸಣ್ಣ ಮಾಡಿಕೊಂಡರೂ. ತೊಂದರೆಯಾದದ್ದು ಎದುರು ಮನೆಯ ಹಾಲಿನಿಂದ. ಬೀದಿಯ ಮೂರು ಮನೆಗಳಲ್ಲಿ ಮೂರು ಹೆಸರಿದ್ದ ಬೆಕ್ಕು ಅದು. ಮೂರು ಮನೆಯವರನ್ನೂ ಒಪ್ಪಿಸಿದ ಮೇಲೇ ಪಥ್ಯ ನಡೆದದ್ದು.

ಆದ್ದರಿಂದ ಬೆಕ್ಕು ಕೆರೆದುಕೊಂಡ ತಕ್ಷಣ ಅಂಗಡಿಗೆ ಓಡಿ ಹೊಸ ಪ್ಯಾಕೆಟ್ಟು ತರಬೇಡಿ. ಮೊದಲು ಚಿಗಟ ನೋಡಿಸಿ; ಅಲರ್ಜಿಯ ತುರಿಕೆಗೆ ಊಟಕ್ಕಿಂತ ಚಿಗಟವೇ ಹೆಚ್ಚು ಸಲ ಕಾರಣ. ಪಥ್ಯ ಶುರು ಮಾಡಿದರೆ 8 ವಾರ ನಿಲ್ಲಿಸಬೇಡಿ, ನಡುವೆ ಒಂದು ಚೂರು ಬಿಸ್ಕತ್ತೂ ಬೇಡ. ವೈದ್ಯರ ಹತ್ತಿರ ಹೋಗುವ ಹಿಂದಿನ ದಿನ ಕೂತು, ನಿಮ್ಮ ಬೆಕ್ಕು ಮರಿಯಾಗಿದ್ದಾಗಿನಿಂದ ಏನೇನು ತಿಂದಿದೆ ಎಂದು ಒಂದು ಚೀಟಿಯಲ್ಲಿ ಬರೆಯಿರಿ. ಪಕ್ಕದ ಮನೆಯವರನ್ನೂ ಕೇಳಿ ಬರೆಯಿರಿ.