ತುಳುನಾಡಿನ ದೈವಗಳು: ‘ಕಾಂತಾರ’ದ ಊಹೆಗಳೂ ಪಾಡ್ದನಗಳ ಉತ್ತರವೂ

ಮುಂಬಯಿಯಲ್ಲಿ ನೆಲೆಸಿರುವ ತುಳು-ಕನ್ನಡಿಗರ ಮನೆಗಳಲ್ಲಿ ದೈವಗಳ ಮಾತು ಬಂದಾಗ ಹಿರಿಯರು ಕೇಳುವ ಪ್ರಶ್ನೆಯೊಂದು, ಮಕ್ಕಳು ಕೇಳುವ ಪ್ರಶ್ನೆ ಇನ್ನೊಂದು. ಊರಿನ ನೇಮ ಯಾವ ತಿಂಗಳಲ್ಲಿ, ಕುಟುಂಬದ ವಂತಿಗೆ ಎಷ್ಟು, ರೈಲಿನ ಟಿಕೆಟು ಸಿಕ್ಕಿತೇ ಎಂದು ಹಿರಿಯರು ವಿಚಾರಿಸುತ್ತಾರೆ. ಪಂಜುರ್ಲಿಗೂ ಗುಳಿಗನಿಗೂ ಯುದ್ಧವಾದರೆ ಗೆಲ್ಲುವವರು ಯಾರು, ಕಾಡಿನಲ್ಲಿ ಮಾಯವಾದ ಶಿವ ಎಲ್ಲಿಗೆ ಹೋದ, ಮುಂದಿನ ಭಾಗದಲ್ಲಿ ಕೊರಗಜ್ಜ ಬರುವನೇ, ಈ ಎಲ್ಲ ಶಕ್ತಿಗಳ ಹಿಂದೆ ಇರುವ ಒಂದು ಮೂಲಶಕ್ತಿ ಯಾವುದು ಎಂದು ಮಕ್ಕಳು ಕೇಳುತ್ತಾರೆ. ಈ ಎರಡನೆಯ ಬಗೆಯ ಪ್ರಶ್ನೆಗಳು ಹುಟ್ಟಿದ್ದು ‘ಕಾಂತಾರ’ ಚಲನಚಿತ್ರಗಳಿಂದ. ಆದರೆ ಅವುಗಳಿಗೆ ಉತ್ತರ ಚಲನಚಿತ್ರಕ್ಕಿಂತ ಬಹಳ ಹಿಂದಿನಿಂದಲೂ ತುಳುವಿನ ಪಾಡ್ದನಗಳಲ್ಲಿದೆ. ಆ ಉತ್ತರಗಳನ್ನು ಒಂದೆಡೆ ಸಂಗ್ರಹಿಸಿ ಕೊಡುವುದು ಈ ಲೇಖನದ ಉದ್ದೇಶ.

ಚಿತ್ರಗಳು ಹೇಳಿದ ಕಥೆ

ರಿಷಬ್ ಶೆಟ್ಟಿಯವರು ನಿರ್ದೇಶಿಸಿ ನಟಿಸಿದ ‘ಕಾಂತಾರ: ಒಂದು ದಂತಕಥೆ’ 2022ರ ಸೆಪ್ಟೆಂಬರ್ 30ರಂದು ಬಿಡುಗಡೆಯಾಯಿತು. ಅದೇ ಅಕ್ಟೋಬರ್ 14ರಂದು ಅದರ ಹಿಂದಿ ಅವತರಣಿಕೆ ತೆರೆಕಂಡ ಮೇಲೆ ಕನ್ನಡ ಬಾರದ ನೆರೆಹೊರೆಯವರೂ ನಮ್ಮವರಲ್ಲಿ ದೈವಗಳ ಬಗೆಗೆ ವಿಚಾರಿಸತೊಡಗಿದರು. 1847ರಲ್ಲಿ ಅರಸನೊಬ್ಬ ಮನಃಶಾಂತಿಗಾಗಿ ಪಂಜುರ್ಲಿಯ ಮೊರೆಹೊಕ್ಕು ಕಾಡಿನ ಜನರಿಗೆ ಭೂಮಿ ಬಿಟ್ಟುಕೊಡುತ್ತಾನೆ. ಮಾತು ತಪ್ಪಿದರೆ ತಾನು ಕ್ಷಮಿಸಿದರೂ ಗುಳಿಗ ಕ್ಷಮಿಸನು ಎಂದು ದೈವ ಎಚ್ಚರಿಸುತ್ತದೆ. 1970ರಲ್ಲಿ ಅರಸನ ವಂಶಜ ಭೂಮಿಯನ್ನು ಮರಳಿ ಕೇಳುತ್ತಾನೆ. 1990ರಲ್ಲಿ ಆ ಭೂಮಿಯ ಜಗಳ ಮುಗಿಲು ಮುಟ್ಟುತ್ತದೆ. ಈ ಪಾತ್ರಕ್ಕಾಗಿ ರಿಷಬ್ ಶೆಟ್ಟಿಯವರಿಗೆ 70ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು. 2025ರ ಅಕ್ಟೋಬರ್ 2ರಂದು ಬಂದ ‘ಕಾಂತಾರ: ಅಧ್ಯಾಯ 1’ ಕಥೆಯ ಬೇರನ್ನು ಕದಂಬರ ಕಾಲಕ್ಕೆ ಒಯ್ದಿತು.

ಒಂದು ಚಿತ್ರದ ಗುಟ್ಟು ಇನ್ನೊಂದರಲ್ಲಿ ಬಿಚ್ಚಿಕೊಳ್ಳುವ ಇಂಥ ಕಥಾಲೋಕ ಕಂಡಾಗ ಪ್ರೇಕ್ಷಕರು ಊಹೆಯ ಎಳೆ ಹೆಣೆಯುವುದು ಸಹಜ. ಪಾಶ್ಚಾತ್ಯ ಸಾಹಸಚಿತ್ರಗಳನ್ನು ನೋಡಿ ಬೆಳೆದ ಮಕ್ಕಳು ಅಲ್ಲಿಯ ವೀರರಿಗೆ ಹಾಕಿದ ಅಳತೆಗೋಲನ್ನೇ ದೈವಗಳಿಗೂ ಹಾಕುತ್ತಾರೆ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ಚಿತ್ರದ ದೈವ ಕಲ್ಪಿತ ಕಥೆಯ ಪಾತ್ರ, ಊರಿನ ದೈವ ನಮ್ಮದೇ ಕುಟುಂಬದ ಹರಕೆ ಹೊತ್ತ ಶಕ್ತಿ. ಎರಡನ್ನೂ ಒಂದೇ ಅಳತೆಯಿಂದ ಅಳೆಯಲು ಬಾರದು.

ಪಂಜುರ್ಲಿ, ಗುಳಿಗ: ಯಾರು ಹೆಚ್ಚು?

ಪಾಡ್ದನ ಎಂದರೆ ದೈವದ ಹುಟ್ಟು, ಸಂಚಾರ, ನೆಲೆನಿಂತ ಬಗೆಗಳನ್ನು ಹೇಳುವ ತುಳು ಕಥನಗೀತೆ. ಊರಿಂದೂರಿಗೆ ಅದರ ಪಾಠ ಬದಲಾಗುತ್ತದೆ. ‘ಪಂಜಿ’ ಎಂದರೆ ತುಳುವಿನಲ್ಲಿ ಹಂದಿ. ಪ್ರಚಲಿತ ಪಾಠವೊಂದರಂತೆ ಕೈಲಾಸದಲ್ಲಿ ಪಾರ್ವತಿ ಮುದ್ದಿನಿಂದ ಸಾಕಿದ ಹಂದಿಮರಿ ಬೆಳೆದು ಈಶ್ವರನ ಹೂದೋಟವನ್ನು ಹಾಳುಗೆಡಹುತ್ತದೆ. ಈಶ್ವರನ ಕೋಪಕ್ಕೆ ತುತ್ತಾದ ಅದು ಪಾರ್ವತಿಯ ಬಿನ್ನಹದಿಂದ ದೈವವಾಗಿ ಭೂಮಿಗೆ ಇಳಿಯುತ್ತದೆ. ಬೆಳೆಯನ್ನು ಮೇಯುತ್ತಿದ್ದ ಪ್ರಾಣಿಯೇ ಬೆಳೆಯನ್ನು ಕಾಯುವ ಹೊಣೆ ಹೊರುತ್ತದೆ. ಗದ್ದೆಗೆ ನುಗ್ಗುವ ಕಾಡುಹಂದಿಯ ಭಯದಲ್ಲಿ ಬದುಕಿದ ಬೇಸಾಯಗಾರರ ಕಥೆಯಿದು.

ಗುಳಿಗನ ಪಾಡ್ದನದ ತಿರುಳು ಹಸಿವು. ಪಾರ್ವತಿ ತಂದ ಬೂದಿಯಲ್ಲಿ ಸಿಕ್ಕಿದ ಕಲ್ಲನ್ನು ಈಶ್ವರ ಎಸೆದಾಗ ಅದರಿಂದ ಗುಳಿಗ ಹುಟ್ಟುತ್ತಾನೆ. ಅವನನ್ನು ವಿಷ್ಣುವಿನ ಬಳಿಗೆ ಕಳುಹಿಸಲಾಗುತ್ತದೆ. ಅಲ್ಲಿಂದ ಭೂಮಿಗೆ ಬಂದು ನೆಲವುಳ್ಳ ಸಂಕೆಯ ಹೊಟ್ಟೆಯಲ್ಲಿ ಮರಳಿ ಹುಟ್ಟುತ್ತಾನೆ. ಏನನ್ನು ಕೊಟ್ಟರೂ ಅವನ ಹಸಿವು ಹಿಂಗದು. ಕೊನೆಗೆ ವಿಷ್ಣು ತನ್ನ ಕಿರುಬೆರಳನ್ನೇ ಕೊಟ್ಟಾಗ ಅವನಿಗೆ ತೃಪ್ತಿಯಾಗುತ್ತದೆ. ತನ್ನದನ್ನು ಬಿಟ್ಟು ಬೇರೆಯವರದನ್ನು ಎಷ್ಟು ಬಡಿಸಿದರೂ ತಣಿಯದ ಹಸಿವದು.

ಈ ಎರಡು ದೈವಗಳೂ ಪರಸ್ಪರ ಕಾದಾಡಿ, ದೇವಿಯ ಮಧ್ಯಸ್ಥಿಕೆಯಿಂದ ರಾಜಿಯಾಗಿ, ಒಂದೇ ಕ್ಷೇತ್ರದಲ್ಲಿ ನೆಲೆಸಿದ ಕಥೆಯೂ ಇದೆ. ಅಂದರೆ ಮಕ್ಕಳು ಕೇಳುವ ಯುದ್ಧ ಪರಂಪರೆಗೆ ಹೊಸದಲ್ಲ. ಪರಂಪರೆ ಆ ಯುದ್ಧವನ್ನು ಗೆಲುವಿನಲ್ಲಿ ಮುಗಿಸದೆ ಹಂಚಿಕೆಯಲ್ಲಿ ಮುಗಿಸಿತು. ಪಂಜುರ್ಲಿಗೆ ಮನೆಯೊಳಗೆ ಮಂಚವುಂಟು, ಗುಡಿಯುಂಟು. ಗುಳಿಗನಿಗೆ ಎಷ್ಟೋ ಕಡೆ ಮಾಡೂ ಇಲ್ಲದ, ಮರದ ಬುಡದ ಒಂದು ಕಲ್ಲು. ಅವನು ಕ್ಷೇತ್ರಪಾಲ, ಗಡಿ ಕಾಯುವವನು. ಒಳಗಿನ ಪಾಲನೆ ಒಬ್ಬರದು, ಹೊರಗಿನ ಕಾವಲು ಇನ್ನೊಬ್ಬರದು. ಇಲ್ಲಿ ಬಲಕ್ಕಿಂತ ಹೊಣೆ ಮುಖ್ಯ.

ಸಾವಿರದೊಂದು ಹೆಸರುಗಳ ನಂಟು

ದೈವಗಳು ಸಾವಿರದೊಂದು ಎಂಬುದು ಊರಿನ ಮಾತು. ಇವೆಲ್ಲ ಒಂದೇ ಶಕ್ತಿಯ ವೇಷಗಳೇ ಎಂಬ ಊಹೆಗೆ ಪಾಡ್ದನಗಳ ‘ಸಂಚಾರ’ ಭಾಗವೇ ಉತ್ತರ. ದೈವವು ಯಾರದೋ ಬೆನ್ನುಹತ್ತಿ ಒಂದು ಬೀಡಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಅಲ್ಲಿ ತನ್ನ ಇರವನ್ನು ತೋರುತ್ತದೆ, ಸ್ಥಳದ ಹೆಸರನ್ನೋ ಸಂಗತಿಯ ಹೆಸರನ್ನೋ ಪಡೆದು ನೆಲೆನಿಲ್ಲುತ್ತದೆ. ಅಣ್ಣಪ್ಪ ಪಂಜುರ್ಲಿ, ಕುಪ್ಪೆ ಪಂಜುರ್ಲಿ, ವರ್ತೆ ಪಂಜುರ್ಲಿ ಎಂಬ ಹೆಸರುಗಳು ಬಂದದ್ದು ಹೀಗೆ. ಧರ್ಮಸ್ಥಳದ ಐತಿಹ್ಯದಲ್ಲಿ ಕುಡುಮದ ನೆಲ್ಯಾಡಿ ಬೀಡಿಗೆ ನಾಲ್ಕು ಧರ್ಮದೈವಗಳು ಬರುತ್ತವೆ. ಅನಂತರ ಅಣ್ಣಪ್ಪ ದೈವವೇ ಕದ್ರಿಯಿಂದ ಮಂಜುನಾಥನ ಲಿಂಗವನ್ನು ತರುತ್ತದೆ. ಜೈನ ಮನೆತನ, ಶೈವ ದೇವರು, ತುಳುನಾಡಿನ ದೈವ ಎಲ್ಲವೂ ಒಂದೇ ಕಥೆಯಲ್ಲಿ ಕೂಡುತ್ತವೆ.

ದೈವಗಳಲ್ಲಿ ಶ್ರೇಣಿಯೇ ಇಲ್ಲವೆಂದಲ್ಲ. ಕೊಡಮಣಿತ್ತಾಯ, ಉಳ್ಳಾಕುಲು ಮೊದಲಾದವು ರಾಜನ್ ದೈವಗಳು. ಮನೆಯ ದೈವ, ಗ್ರಾಮದ ದೈವ, ಮಾಗಣೆಯ ದೈವ, ಸೀಮೆಯ ದೈವ ಎಂಬ ಏರ್ಪಾಡು ಹಿಂದಿನ ಆಡಳಿತದ ವಿಭಾಗಗಳನ್ನೇ ಹೋಲುತ್ತದೆ. ಈ ಶ್ರೇಣಿ ತಿಳಿಸುವುದು ಯಾವ ದೈವದ ನುಡಿ ಎಷ್ಟು ವಿಸ್ತಾರದ ನೆಲದಲ್ಲಿ ನಡೆಯುತ್ತದೆ ಎಂಬುದನ್ನು.

‘ಅಧ್ಯಾಯ 1’ರ ನಾಯಕನ ಹೆಸರು ಬೆರ್ಮೆ. ಬೆರ್ಮೆರ್ ತುಳುವರ ಪ್ರಾಚೀನ ಆರಾಧ್ಯ. ಗರೋಡಿಗಳಲ್ಲಿ ಕೋಟಿ-ಚೆನ್ನಯರೊಂದಿಗೆ ಪೂಜೆಗೊಳ್ಳುವ ಶಕ್ತಿ. ಚಿತ್ರಕಾರರ ಆಶಯ ಏನೇ ಇರಲಿ, ಹೆಸರು ಕೇಳಿದ ಹಿರಿಯರ ಕಿವಿ ನಿಮಿರಿದ್ದು ಈ ಕಾರಣಕ್ಕೆ.

ಅನ್ಯಾಯದಿಂದ ಹುಟ್ಟಿದ ದೈವಗಳು

ಎಲ್ಲ ದೈವಗಳೂ ಕೈಲಾಸದಿಂದ ಇಳಿದವಲ್ಲ. ಹಲವು ದೈವಗಳು ಮನುಷ್ಯರಾಗಿ ಹುಟ್ಟಿ, ಅನ್ಯಾಯವನ್ನುಂಡು, ಮಾಯವಾಗಿ ದೈವತ್ವ ಪಡೆದವು. ಶಿವ ಎಲ್ಲಿಗೆ ಹೋದ ಎಂಬ ಪ್ರಶ್ನೆಗೆ ಇಲ್ಲಿ ಸುಳಿವಿದೆ. ತುಳುವಿನಲ್ಲಿ ‘ಮಾಯವಾಗುವುದು’ ಎಂದರೆ ಸಾಯುವುದಲ್ಲ, ಕಣ್ಣಿಗೆ ಕಾಣುವ ಜೋಗದ ಬಾಳಿನಿಂದ ಕಾಣದ ಬಾಳಿಗೆ ದಾಟುವುದು.

ಶಿಲ್ಪಿ ಕಲ್ಕುಡನ ಪಾಡ್ದನ ಇದಕ್ಕೆ ಉತ್ತಮ ಉದಾಹರಣೆ. ಕಾರ್ಕಳದಲ್ಲಿ ಗೊಮ್ಮಟನನ್ನು ಕಡೆದ ಅವನು ಅಂಥದೇ ಮೂರ್ತಿಯನ್ನು ಬೇರೆಲ್ಲೂ ಮಾಡದಿರಲೆಂದು ಭೈರವರಸ ಅವನ ಒಂದು ಕೈ, ಒಂದು ಕಾಲು ಕಡಿಸುತ್ತಾನೆ. ಅವನು ಉಳಿದ ಕೈಯಲ್ಲೇ ವೇಣೂರಿನ ಗೊಮ್ಮಟನನ್ನು ಕೆತ್ತುತ್ತಾನೆ. ತಂಗಿ ಕಲ್ಲುರ್ಟಿ ಅಣ್ಣನ ಪರವಾಗಿ ನ್ಯಾಯ ಕೇಳಲು ನಿಲ್ಲುತ್ತಾಳೆ. ಇಬ್ಬರೂ ಮಾಯವಾಗಿ ಅರಸನ ಅರಮನೆಯನ್ನು ಕಾಡುತ್ತಾರೆ. ಚರಿತ್ರೆಯ ಪ್ರಕಾರ ಕಾರ್ಕಳದ ಮೂರ್ತಿ 1432ರದು, ವೇಣೂರಿನದು 1604ರದು. ನಡುವೆ 172 ವರ್ಷಗಳ ಅಂತರ. ಪಾಡ್ದನಕ್ಕೆ ಈ ಲೆಕ್ಕ ಬೇಡ. ದೊರೆಗಳ ಹೆಸರು ಶಾಸನಗಳಲ್ಲಿ ಉಳಿದರೆ, ಉಳಿ ಹಿಡಿದವನ ನೋವನ್ನು ಪಾಡ್ದನ ಉಳಿಸಿತು.

ಪಡುಮಲೆಯ ಬಲ್ಲಾಳನ ಜೀವ ಉಳಿಸಿದ ದೇಯಿ ಬೈದ್ಯೆತಿಯ ಮಕ್ಕಳು ಕೋಟಿ-ಚೆನ್ನಯರು, ಕೊಟ್ಟ ಮಾತಿಗೆ ಬಲ್ಲಾಳ ತಪ್ಪಿದಾಗ ಊರು ತೊರೆದು ಕೊನೆಗೆ ಎಣ್ಮೂರಿನ ಕಾಳಗದಲ್ಲಿ ಮಡಿದರು. ಇಂದು ಎಲ್ಲರ ಬಾಯಲ್ಲಿರುವ ಕೊರಗಜ್ಜ, ಕೊರಗ ಸಮುದಾಯದಲ್ಲಿ ಹುಟ್ಟಿದ ತನಿಯ. ಬದುಕಿದ್ದಾಗ ಅಂಗಳದ ಆಚೆ ನಿಲ್ಲಬೇಕಾದವನಿಗೆ ಇಂದು ಎಲ್ಲ ಜಾತಿಯವರೂ ಕೈಮುಗಿಯುತ್ತಾರೆ.

ಕಾಣದ ಶಕ್ತಿ ಯಾವುದು?

ಹಾಗಾದರೆ ಇಷ್ಟೆಲ್ಲ ಕಥೆಗಳನ್ನು ಬೆಸೆಯುವ ಮೂಲಶಕ್ತಿ ಯಾವುದು? ಪಾಡ್ದನಗಳನ್ನು ಒಟ್ಟಾಗಿ ಕೇಳಿದವರಿಗೆ ಹೊಳೆಯುವ ಉತ್ತರ ಸರಳವಾದುದು: ಕೊಟ್ಟ ಮಾತು. ಅರಸ ಮಾತು ತಪ್ಪಿದಲ್ಲಿ ದೈವ ಎದ್ದಿತು, ಮಾತು ನಡೆದಲ್ಲಿ ದೈವ ಶಾಂತವಾಯಿತು. ‘ಕಾಂತಾರ’ದ ಮೊದಲ ಚಿತ್ರ ಈ ಎಳೆಯನ್ನು ಸರಿಯಾಗಿಯೇ ಹಿಡಿದಿದೆ.

ಕೋಲದ ವಿಧಿಯೂ ಇದನ್ನೇ ತೋರಿಸುತ್ತದೆ. ಪಂಬದ, ಪರವ, ನಲಿಕೆ ಸಮುದಾಯಗಳ ನರ್ತಕರು ಎಣ್ಣೆಬೂಳ್ಯ ಪಡೆದು, ಅರದಾಳ ಬಳಿದು, ಪಾಡ್ದನ ಹೇಳಿ, ಗಗ್ಗರ ಕಟ್ಟಿ, ಅಣಿ ಏರಿಸಿದ ಮೇಲೆ ದೈವದ ಆವೇಶವಾಗುತ್ತದೆ. ಆಗ ನಡೆಯುವುದು ಒಂದು ನ್ಯಾಯಸಭೆ. ಊರಿನ ಹಿರಿಯರು ಮದಿಪು ಹೇಳಿ ದೂರು ಮಂಡಿಸುತ್ತಾರೆ. ದೈವ ನುಡಿ ಕೊಡುತ್ತದೆ. ಸಮಾಜ ಕೆಳಗಿರಿಸಿದ ಸಮುದಾಯದವನ ಬಾಯಿಂದ ಬಂದ ಆ ನುಡಿಗೆ ಗುತ್ತಿನ ಯಜಮಾನನೂ ತಲೆಬಾಗಬೇಕು. ಬೆಳಗಾದ ಮೇಲೆ ಅದೇ ನರ್ತಕನ ಸ್ಥಾನಮಾನ ಹಳೆಯದಕ್ಕೆ ಮರಳುತ್ತಿತ್ತೆಂಬುದನ್ನೂ ಮರೆಯಬಾರದು. ಮೊದಲ ಚಿತ್ರದ ಯಶಸ್ಸಿನ ಬೆನ್ನಿಗೆ, 2022ರ ಅಕ್ಟೋಬರಿನಲ್ಲಿ, ಕರ್ನಾಟಕ ಸರಕಾರ 60 ವರ್ಷ ಮೀರಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನ ಘೋಷಿಸಿತು. 2025ರಲ್ಲಿ ಕೆಲವರು ದೈವದ ವೇಷ ತೊಟ್ಟು ಚಿತ್ರಮಂದಿರಗಳಲ್ಲಿ ಕುಣಿದಾಗ, ಹಾಗೆ ಅನುಕರಿಸಬಾರದೆಂದು ಚಿತ್ರ ನಿರ್ಮಾಣ ಸಂಸ್ಥೆಯೇ ಮನವಿ ಮಾಡಿಕೊಂಡಿತು.

ಬೈಕಲಾದಿಂದ ಹೊರಟ ಪಾಡ್ದನಗಳು

ಪಾಡ್ದನಗಳ ಮುದ್ರಣದ ಇತಿಹಾಸದಲ್ಲಿ ಮುಂಬಯಿಗೂ ಪಾಲಿದೆ ಎಂಬುದು ಹಲವರಿಗೆ ತಿಳಿದಿರಲಾರದು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ 1886ರಲ್ಲಿ ಮ್ಯಾನರ್ ಅವರ ‘ಪಾಡ್ದನೊಳು’ ಸಂಕಲನ ಬಂದಿತು. ಮದರಾಸು ಪ್ರಾಂತದಲ್ಲಿ ಅಧಿಕಾರಿಯಾಗಿದ್ದ ಎ. ಸಿ. ಬರ್ನೆಲ್ ಅವರ ಕಾಗದಪತ್ರಗಳಲ್ಲಿದ್ದ ಪಾಡ್ದನಗಳು, ಅವರು ತೀರಿಕೊಂಡ ಬಳಿಕ, ಇಂಗ್ಲಿಷ್ ಅನುವಾದದೊಂದಿಗೆ 1894ರಿಂದ 1897ರವರೆಗೆ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಪ್ರಕಟಗೊಂಡವು. ಆ ಪತ್ರಿಕೆ ಮುದ್ರಣವಾಗುತ್ತಿದ್ದುದು ನಮ್ಮ ಬೈಕಲಾದ ಎಜುಕೇಶನ್ ಸೊಸೈಟಿ ಮುದ್ರಣಾಲಯದಲ್ಲಿ. ಆ ಲೇಖನಮಾಲೆಯ ಶೀರ್ಷಿಕೆ ಮಾತ್ರ ‘ದಿ ಡೆವಿಲ್ ವರ್ಶಿಪ್ ಆಫ್ ದ ತುಳುವಾಸ್’. ನ್ಯಾಯ ನುಡಿಯುವ ಶಕ್ತಿಯನ್ನು ಪಿಶಾಚಿಯೆಂದು ಕರೆದ ಆ ಕಾಲದ ತಪ್ಪು ಊಹೆಯದು.

ಮುಂದೆ ಅಮೃತ ಸೋಮೇಶ್ವರ, ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದ ವಿದ್ವಾಂಸರು ಈ ಕ್ಷೇತ್ರವನ್ನು ಬೆಳೆಸಿದರು. ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು ತುಳುನಾಡಿನ ವಿದ್ವಾಂಸರೊಡಗೂಡಿ ದಾಖಲಿಸಿ 1998ರಲ್ಲಿ ಪ್ರಕಟಿಸಿದರು. ಅದರ ಸಾಲುಗಳು 15,683. ಶಾಲೆಯ ಪಠ್ಯದಲ್ಲಿಲ್ಲದ ಇಷ್ಟು ದೊಡ್ಡ ಕಾವ್ಯ ಒಬ್ಬ ಬೇಸಾಯಗಾರನ ನೆನಪಿನಲ್ಲಿತ್ತು.

ಮುಂಬಯಿಯವರ ಪಾಲು

ಕರ್ನಾಟಕದ ಭೂಸುಧಾರಣಾ ಕಾಯಿದೆಯ ತಿದ್ದುಪಡಿ 1974ರಲ್ಲಿ ಜಾರಿಗೆ ಬಂದ ಮೇಲೆ ಗೇಣಿದಾರರು ಒಡೆಯರಾದರು. ಗುತ್ತು-ಬೀಡುಗಳ ಭೂಮಿ ಕರಗಿತು. ಗೇಣಿಯ ಅಕ್ಕಿಯಿಂದ ನಡೆಯುತ್ತಿದ್ದ ನೇಮಗಳಿಗೆ ಬೇರೆ ಆಧಾರ ಬೇಕಾಯಿತು. ಆಗ ಕೈಹಿಡಿದವರಲ್ಲಿ ಮುಂಬಯಿಯ ಹೋಟೆಲುಗಳಲ್ಲಿ, ಗಿರಣಿಗಳಲ್ಲಿ, ಕಛೇರಿಗಳಲ್ಲಿ ದುಡಿದವರೂ ಇದ್ದರು. ತರವಾಡು ಮನೆಗಳ ಜೀರ್ಣೋದ್ಧಾರದ ಫಲಕಗಳಲ್ಲಿ ‘ಮುಂಬಯಿ’ ಎಂಬ ಊರಿನ ಹೆಸರು ಮತ್ತೆ ಮತ್ತೆ ಕಾಣುವುದು ಅದಕ್ಕೇ.

ಹಣವೇನೋ ಊರಿಗೆ ಹೋಯಿತು, ಆದರೆ ಕಥೆ ಇಲ್ಲಿಗೆ ಬರಲಿಲ್ಲ. ನೇಜಿ ನೆಡುತ್ತ ಪಾಡ್ದನ ಹಾಡುತ್ತಿದ್ದ ಅಜ್ಜಿಯಂದಿರ ಮೊಮ್ಮಕ್ಕಳು ಡೊಂಬಿವಲಿಯಲ್ಲೋ ಮೀರಾರೋಡಿನಲ್ಲೋ ಹುಟ್ಟಿದರು. ವರ್ಷಕ್ಕೊಮ್ಮೆ ಊರಿಗೆ ಹೋದಾಗ ಅವರು ಕಂಡದ್ದು ಬೆಂಕಿ, ಬಣ್ಣ, ಕೂಗು ಮಾತ್ರ. ಆ ಖಾಲಿ ಜಾಗವನ್ನು ಚಿತ್ರ ತುಂಬಿತು. ಊಹೆಗಳನ್ನು ಹಳಿದು ಮಕ್ಕಳ ಬಾಯಿ ಮುಚ್ಚಿಸಿದರೆ ಆ ಜಾಗ ಮತ್ತೆ ಖಾಲಿಯಾಗುತ್ತದೆ, ಅಷ್ಟೆ. ದೈವದ ವಿಷಯದಲ್ಲಿ ಕೇಳುವುದು ಅಪಚಾರವಲ್ಲ. ಕೋಲವೆಂಬುದೇ ಕೇಳುವ, ಹೇಳುವ ಏರ್ಪಾಡು.

ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ತಿಂಗಳ ಕೊನೆಯ ವಾರದಲ್ಲಿ, ಪತ್ತನಾಜೆ. ಅಂದಿಗೆ ಕೋಲ-ನೇಮಗಳು ನಿಲ್ಲುತ್ತವೆ. ಮಕ್ಕಳ ಬೇಸಗೆ ರಜೆಯಲ್ಲಿ ಅದಕ್ಕೆ ಮುಂಚೆ ಊರಿಗೆ ಹೋಗುವ ಕುಟುಂಬಗಳು ನೇಮದ ಹಿಂದಿನ ದಿನ ಮನೆಯ ಹಿರಿಯರ ಬಳಿ ಕುಳಿತು, ನಮ್ಮ ಮನೆಗೆ ಈ ದೈವ ಬಂದದ್ದು ಎಲ್ಲಿಂದ, ಯಾರ ಜತೆಯಲ್ಲಿ, ನಾವು ಕೊಟ್ಟ ಮಾತೇನು ಎಂಬ ಮೂರು ಪ್ರಶ್ನೆಗಳನ್ನು ಕೇಳಲಿ. ಉತ್ತರವನ್ನು ಒಂದು ವಹಿಯಲ್ಲಿ ಬರೆದಿಡಲಿ. ಪಾಡ್ದನ ಬಲ್ಲವರ ಒಪ್ಪಿಗೆ ಪಡೆದು, ತಕ್ಕ ಗೌರವಧನ ಕೊಟ್ಟು ಧ್ವನಿಮುದ್ರಿಸಲಿ. ಮುಂದಿನ ‘ಕಾಂತಾರ’ ಬಂದಾಗ ಮಕ್ಕಳು ಹೊಸ ಊಹೆಗಳನ್ನು ಹೆಣೆಯದಿರಲಾರರು. ಆಗ ಅವರ ಊಹೆಗೆ ನಮ್ಮ ಮನೆಯ ಕಥೆಯ ಆಸರೆಯೂ ಇದ್ದೀತು.