ಮನೆಯ ಜಾಲದಲ್ಲಿ ಗಣಕಯಂತ್ರಗಳು ಪರಸ್ಪರ ಕಾಣದಿರುವಾಗ ಪರಿಶೀಲಿಸಬೇಕಾದ ಅಂಶಗಳು

ಮನೆಯಲ್ಲಿರುವ ಎರಡು ಗಣಕಯಂತ್ರಗಳು ಒಂದೇ ಸಂಪರ್ಕದ ಮೂಲಕ ಅಂತರ್ಜಾಲವನ್ನು ಬಳಸುತ್ತಿದ್ದರೂ, ಒಂದರ ಕಡತಗಳಾಗಲಿ ಮುದ್ರಕವಾಗಲಿ ಇನ್ನೊಂದಕ್ಕೆ ದೊರೆಯದಿರುವುದು ಸಾಮಾನ್ಯವಾಗಿ ಕಂಡುಬರುವ ತೊಂದರೆಯಾಗಿದೆ. ಅಂತರ್ಜಾಲ ತೆರೆದುಕೊಳ್ಳುತ್ತದೆ ಎಂದ ಮಾತ್ರಕ್ಕೆ ಮನೆಯೊಳಗಿನ ಜಾಲವೂ ಸರಿಯಾಗಿದೆ ಎಂದು ಭಾವಿಸಲಾಗದು. ವಿಂಡೋಸ್ 10 ಮತ್ತು ವಿಂಡೋಸ್ 11 ಬಳಸುವವರ ಉಪಯೋಗಕ್ಕಾಗಿ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ವಿಳಾಸದ ಪರಿಶೀಲನೆ

ಮೊದಲು ಪ್ರತಿ ಯಂತ್ರದಲ್ಲಿಯೂ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಆದೇಶದಿಂದ ಅದರ ಐಪಿ ವಿಳಾಸವನ್ನು ತಿಳಿದುಕೊಳ್ಳತಕ್ಕದ್ದು. ಒಂದರಲ್ಲಿ 192.168.1.5, ಇನ್ನೊಂದರಲ್ಲಿ 192.168.1.8 ಎಂದಿದ್ದರೆ ಸಾಮಾನ್ಯವಾಗಿ ಎರಡೂ ಒಂದೇ ಜಾಲದಲ್ಲಿವೆ ಎಂದರ್ಥ. ವಿಳಾಸವು 169.254 ಎಂದು ಆರಂಭವಾಗಿದ್ದರೆ ಆ ಯಂತ್ರಕ್ಕೆ ರೂಟರ್‌ನಿಂದ ವಿಳಾಸವೇ ದೊರೆತಿಲ್ಲ. ಕೇಬಲ್ ಅಥವಾ ವೈ-ಫೈ ಸಂಪರ್ಕವನ್ನು ನೋಡಬೇಕು.

ಒಂದು 192.168.0, ಇನ್ನೊಂದು 192.168.1 ಎಂದು ಆರಂಭವಾಗಿದ್ದರೆ ಮನೆಯಲ್ಲಿ ಎರಡು ರೂಟರ್‌ಗಳು ಕೆಲಸ ಮಾಡುತ್ತಿರುವ ಸಾಧ್ಯತೆ ಹೆಚ್ಚು. ಸೇವಾದಾರರು ಅಳವಡಿಸಿದ ಫೈಬರ್ ಪೆಟ್ಟಿಗೆಯೇ ಅನೇಕ ಬಾರಿ ರೂಟರ್ ಆಗಿರುತ್ತದೆ. ಸಿಗ್ನಲ್ ಸಾಲದೆಂದು ಮನೆಯವರು ಮತ್ತೊಂದನ್ನು ತಂದು ಜೋಡಿಸಿದಾಗ ಮನೆಯು ಎರಡು ಜಾಲಗಳಾಗಿ ಒಡೆಯುತ್ತದೆ. ಎರಡನೆಯದನ್ನು ಆಕ್ಸೆಸ್ ಪಾಯಿಂಟ್ ವಿಧಾನಕ್ಕೆ ಬದಲಾಯಿಸುವುದು ಇದಕ್ಕೆ ಸರಿಯಾದ ಪರಿಹಾರ. ಅತಿಥಿಗಳಿಗೆಂದು ಮೀಸಲಾದ ವೈ-ಫೈಗೆ ಸೇರಿದ ಯಂತ್ರವೂ ಉಳಿದವುಗಳಿಗೆ ಕಾಣುವುದಿಲ್ಲ. ಅದನ್ನು ರೂಪಿಸಿರುವುದೇ ಹಾಗೆ. ಪಿಂಗ್ ಆದೇಶಕ್ಕೆ ಉತ್ತರ ಬಾರದಿದ್ದರೆ ಸಂಪರ್ಕವಿಲ್ಲವೆಂದು ಆತುರಪಡಬಾರದು, ಫೈರ್‌ವಾಲ್ ಅದನ್ನು ತಡೆದಿರಬಹುದು.

ಪಬ್ಲಿಕ್ ಮತ್ತು ಪ್ರೈವೇಟ್ ಜಾಲ

ಹೊಸದಾಗಿ ಸೇರುವ ಜಾಲವನ್ನು ವಿಂಡೋಸ್ 11 ಸಾಮಾನ್ಯವಾಗಿ ಪಬ್ಲಿಕ್ ಎಂದೇ ಪರಿಗಣಿಸಿ, ಯಂತ್ರವನ್ನು ಇತರರಿಂದ ಮರೆಮಾಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಸಂಪರ್ಕವನ್ನು ಪ್ರೈವೇಟ್ ಎಂದು ಬದಲಾಯಿಸಿ, ನೆಟ್‌ವರ್ಕ್ ಡಿಸ್ಕವರಿ ಹಾಗೂ ಕಡತ ಮತ್ತು ಮುದ್ರಕಗಳ ಹಂಚಿಕೆಯನ್ನು ಚಾಲನೆಗೊಳಿಸಬೇಕು. ಈ ಬದಲಾವಣೆ ಸ್ವಂತ ಮನೆಯ ಜಾಲಕ್ಕೆ ಮಾತ್ರ ಸೀಮಿತವಾಗಿರಲಿ. ವಸತಿಗೃಹ, ವಿದ್ಯಾರ್ಥಿ ನಿಲಯ, ರೈಲು ನಿಲ್ದಾಣಗಳ ವೈ-ಫೈಗೆ ಇದು ತಕ್ಕುದಲ್ಲ.

ಇಷ್ಟಾದರೂ ಕಾಣದಿದ್ದಲ್ಲಿ ರನ್ ಪೆಟ್ಟಿಗೆಯಲ್ಲಿ \\192.168.1.5 ಎಂಬಂತೆ ಇನ್ನೊಂದು ಯಂತ್ರದ ವಿಳಾಸವನ್ನು ನಮೂದಿಸಿ ನೋಡಬಹುದು. ತೆರೆದುಕೊಂಡರೆ ಸಂಪರ್ಕ ಸರಿಯಿದೆ, ಪಟ್ಟಿಯಲ್ಲಿ ಹೆಸರು ಮಾತ್ರ ಮೂಡುತ್ತಿಲ್ಲ. ಆಗ ಆ ಯಂತ್ರದ ಸರ್ವಿಸಸ್‌ನಲ್ಲಿ ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್ ಎಂಬುದನ್ನು ಸ್ವಯಂಚಾಲಿತಗೊಳಿಸಿದರೆ ಸಾಕಾಗುತ್ತದೆ. ಗುಪ್ತಪದ ಕೇಳಿದಾಗ ಇನ್ನೊಂದು ಯಂತ್ರದ ಬಳಕೆದಾರರ ಹೆಸರು ಮತ್ತು ಗುಪ್ತಪದವನ್ನೇ ನೀಡಬೇಕು. ದಿನನಿತ್ಯ ಬಳಸುವ ಪಿನ್ ಸಂಖ್ಯೆ ಇಲ್ಲಿ ನಡೆಯುವುದಿಲ್ಲ. ಪಿನ್ ಅಭ್ಯಾಸವಾಗಿ ಗುಪ್ತಪದವನ್ನೇ ಮರೆತವರು ಕಡಿಮೆಯಿಲ್ಲ.

ಹಳೆಯ ಯಂತ್ರಗಳ ಬಗ್ಗೆ ಎಚ್ಚರಿಕೆ

ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಯಂತ್ರ ಕಾಣುತ್ತಿಲ್ಲವೆಂದು ಕೆಲವರು ಎಸ್‌ಎಂಬಿ 1 ಎಂಬ ಹಳೆಯ ಹಂಚಿಕೆ ವಿಧಾನವನ್ನು ಮತ್ತೆ ಚಾಲನೆಗೊಳಿಸುತ್ತಾರೆ. ಇದು ಅಪಾಯಕಾರಿ. 2017ರ ಮೇ ತಿಂಗಳಿನಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶವು ಇದೇ ವಿಧಾನದಲ್ಲಿದ್ದ ದೋಷದ ಮೂಲಕ ಯಂತ್ರದಿಂದ ಯಂತ್ರಕ್ಕೆ ಹರಡಿ, ಕಡತಗಳನ್ನು ಬೀಗ ಹಾಕಿ ಹಣ ಕೇಳಿತು. ದೋಷ ಸರಿಪಡಿಸುವ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್‌ನಲ್ಲಿ ಹೊರಡಿಸಿತ್ತು, ಅಳವಡಿಸಿಕೊಳ್ಳದಿದ್ದವರು ತೊಂದರೆಗೀಡಾದರು. ಆ ವರ್ಷದ ಕೊನೆಯ ಭಾಗದಿಂದ ಹೊಸ ವಿಂಡೋಸ್ ಆವೃತ್ತಿಗಳಲ್ಲಿ ಎಸ್‌ಎಂಬಿ 1 ತಾನಾಗಿ ಇರುವುದಿಲ್ಲ. ಹಳೆಯ ಯಂತ್ರದಲ್ಲಿ ಮದುವೆಯ ಛಾಯಾಚಿತ್ರಗಳೋ ಆಸ್ತಿಪತ್ರಗಳ ಪ್ರತಿಗಳೋ ಇದ್ದಲ್ಲಿ, ಅವುಗಳನ್ನು ಪೆನ್ ಡ್ರೈವ್‌ಗೆ ನಕಲು ಮಾಡಿ, ವೈರಸ್ ತಪಾಸಣೆ ನಡೆಸಿ ಸಾಗಿಸುವುದು ಮೇಲು. ಫೈರ್‌ವಾಲನ್ನು ಪೂರ್ಣವಾಗಿ ನಿಲ್ಲಿಸುವ ಸಲಹೆಯನ್ನೂ ಪಾಲಿಸಬಾರದು.

ಹೋಮ್‌ಗ್ರೂಪ್ ಸೌಲಭ್ಯವನ್ನು 2018ರಲ್ಲಿಯೇ ವಿಂಡೋಸ್ 10ರಿಂದ ತೆಗೆಯಲಾಗಿದ್ದು, ಅದನ್ನು ಹುಡುಕುವುದು ವ್ಯರ್ಥ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಪ್ರೊ ಆವೃತ್ತಿಯು ಗುಪ್ತಪದವಿಲ್ಲದ ಹಂಚಿಕೆಯನ್ನು ನಿರಾಕರಿಸುತ್ತದೆ. ಇದುವರೆಗೆ ಕಾಣುತ್ತಿದ್ದ ಸಂಗ್ರಹ ಪೆಟ್ಟಿಗೆ ಏಕಾಏಕಿ ತೆರೆಯದಂತಾದರೆ, ಆ ಪೆಟ್ಟಿಗೆಯಲ್ಲಿ ಬಳಕೆದಾರರ ಹೆಸರು ಮತ್ತು ಗುಪ್ತಪದವನ್ನು ನಿಗದಿಪಡಿಸಿ ಮತ್ತೆ ಪ್ರಯತ್ನಿಸತಕ್ಕದ್ದು.