ಬದು ಮೀರಿದ ಅಕ್ಷರ

ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯವನಾದ ನನಗೆ ನೀರು ಮತ್ತು ಪಹಣಿ ಬಾಳಿನ ಎರಡು ಆಧಾರಗಳಾಗಿಯೇ ಕಂಡಿವೆ. ವಿಶ್ವೇಶ್ವರಯ್ಯ ನಾಲೆಯ ನೀರು ಗದ್ದೆಗೆ ಹರಿಯಬೇಕು. ಆ ಗದ್ದೆ ನಮ್ಮದೆಂದು ಪಹಣಿ ನುಡಿಯಬೇಕು. ನೀರಿಗೆ ಬದುವಿನ ಕಾವಲು. ಪಹಣಿಗೆ ಮೊದಲು ಶ್ಯಾನುಭೋಗರ, ಅನಂತರ ಗ್ರಾಮಲೆಕ್ಕಿಗರ ಲೇಖನಿಯ ಕಾವಲು.

ಈ ಶತಮಾನದ ಮೊದಲ ವರ್ಷಗಳಲ್ಲಿ ‘ಭೂಮಿ’ ಯೋಜನೆ ಬಂದಿತು. ಕರ್ನಾಟಕದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿನ ದತ್ತಸಂಚಯವನ್ನು ಸೇರಿದವು. ನಮ್ಮ ರೈತರೂ 15 ರೂಪಾಯಿ ತೆತ್ತು ಅಚ್ಚಾದ ಪಹಣಿಯನ್ನು ಪಡೆಯತೊಡಗಿದರು. ಲೇಖನಿಯ ಅಂಜಿಕೆಯೇನೋ ಕಳೆಯಿತು. ಆದರೆ ಇಂಥ ಯಂತ್ರದ ಕಡತಗಳಿಗೂ ಬದುಗಳುಂಟೆ? ಅವು ಒಡೆಯುವುದುಂಟೆ? ಉತ್ತರ ದೊರೆತದ್ದು ಹೊರಜಗತ್ತಿನಲ್ಲಿ ನಡೆದ ಒಂದು ಘಟನೆಯಿಂದ.

2003ರ ಜನವರಿ 25ರಂದು ‘ಸ್ಲ್ಯಾಮರ್’ ಎಂಬ ಕೇವಲ 376 ಬೈಟುಗಳ ಕ್ರಮವಿಧಿಯೊಂದು ಮೈಕ್ರೋಸಾಫ್ಟ್ ಸಂಸ್ಥೆಯ ‘ಎಸ್‌ಕ್ಯೂಎಲ್ ಸರ್ವರ್ 2000’ ಎಂಬ ದತ್ತಸಂಚಯ ತಂತ್ರಾಂಶವನ್ನು ಹೊಕ್ಕಿತು. ದುರ್ಬಲ ಯಂತ್ರಗಳಲ್ಲಿ ನೂರಕ್ಕೆ 90ರಷ್ಟು ಹತ್ತೇ ನಿಮಿಷಗಳಲ್ಲಿ ಅದರ ವಶವಾದವು; ಒಟ್ಟು ಸಂಖ್ಯೆ 75,000ಕ್ಕೆ ಕಡಿಮೆಯಿರಲಿಲ್ಲ. ದಕ್ಷಿಣ ಕೊರಿಯಾದ ಅಂತರಜಾಲ ಸ್ತಬ್ಧವಾಯಿತು. ಅಮೆರಿಕೆಯಲ್ಲಿ ಬ್ಯಾಂಕಿನ ಹಣಯಂತ್ರಗಳು ಕೈಕೊಟ್ಟವು.

ಕಾರಣ ಬಲು ಸರಳ. ಹೊರಗಿನಿಂದ ಬರುವ ಅಕ್ಷರಗಳಿಗಾಗಿ ತಂತ್ರಾಂಶವು ಸ್ಮೃತಿಯಲ್ಲಿ ಇಂತಿಷ್ಟೇ ಜಾಗವನ್ನು ಮೀಸಲಿಟ್ಟಿತ್ತು. ಬಂದದ್ದು ಎಷ್ಟೆಂದು ಅಳೆಯಲಿಲ್ಲ. ಹೆಚ್ಚಾದುದು ಬದು ಮೀರಿ ಪಕ್ಕದ ಪಾತಿಗೆ ನುಗ್ಗಿತು. ಯಂತ್ರವು ಮುಂದೆ ಯಾವ ಆಜ್ಞೆಯನ್ನು ನಡೆಸಬೇಕೆಂಬ ಗುರುತು ಇದ್ದುದು ಅಲ್ಲಿಯೇ. ಆ ಗುರುತು ಅಳಿಸಿ, ಬಂದ ಅಕ್ಷರಗಳೇ ಒಡೆಯನ ಆಜ್ಞೆಗಳಾದವು. ಸ್ಲ್ಯಾಮರ್ ತನ್ನನ್ನು ಹರಡಿಕೊಂಡಿತೇ ಹೊರತು ಕಡತಗಳನ್ನು ತಿದ್ದಲಿಲ್ಲ. ಆದರೆ ಅದೇ ಒಡಕಿನಲ್ಲಿ ಹೊಕ್ಕವನು ಮನಸ್ಸು ಮಾಡಿದ್ದರೆ, ಒಬ್ಬರ ಹೆಸರನ್ನು ಅಳಿಸಿ ಇನ್ನೊಬ್ಬರದನ್ನು ಬರೆಯಬಹುದಾಗಿತ್ತು.

ಈ ದೋಷ ಹೊಸದಲ್ಲ. 1988ರಲ್ಲಿ ಮಾರಿಸ್‌ನ ‘ಹುಳು’ ಕೂಡ ಇಂಥದೇ ದಾರಿಯನ್ನು ಬಳಸಿತ್ತು. ‘ಎಸ್‌ಕ್ಯೂಎಲ್ ಸರ್ವರ್’ನ ಒಡಕನ್ನು ಡೇವಿಡ್ ಲಿಚ್‌ಫೀಲ್ಡ್ ಕಂಡುಹಿಡಿದಿದ್ದರು, ಅದನ್ನು ಮುಚ್ಚುವ ತೇಪೆ 2002ರ ಜುಲೈ ತಿಂಗಳಲ್ಲಿಯೇ ಹೊರಬಂದಿತ್ತು. ಆರು ತಿಂಗಳು ಕಳೆದರೂ ಸಾವಿರಾರು ಕಚೇರಿಗಳು ಅದನ್ನು ಹಾಕಿಕೊಳ್ಳಲಿಲ್ಲ. ಅನರ್ಥಕ್ಕೆ ಜಾಣ್ಮೆಗಿಂತ ಉದಾಸೀನವೇ ಹೆಚ್ಚು ನೆರವಾಯಿತು.

ನಮ್ಮೂರಿನ ನೀರಗಂಟಿ ರಾತ್ರಿಯ ಹೊತ್ತು ಲಾಟೀನು ಹಿಡಿದು ಬದುಗಳ ಮೇಲೆ ನಡೆಯುತ್ತಿದ್ದುದು ಈಗ ನೆನಪಾಗುತ್ತದೆ. ಏಡಿಯ ಬಿಲ ಕಂಡರೆ ಆಗಲೇ ಒಂದು ಹಿಡಿ ಮಣ್ಣು ಮೆತ್ತುತ್ತಿದ್ದ, ಬೆಳಗಾಗಲೆಂದು ಕಾಯುತ್ತಿರಲಿಲ್ಲ. ಪಹಣಿ ಯಂತ್ರದೊಳಗೆ ಸೇರಿದ ಮೇಲೂ ನಮಗೆ ಅಂಥ ನೀರಗಂಟಿಯೇ ಬೇಕು.